ಲೆಮನ್ ಅಂದ್ರೆ ಕೆಟ್ಟ ಕಾರು, ಪ್ಲಮ್ ಅಂದ್ರೆ ಒಳ್ಳೆ ಪೋಸ್ಟಿಂಗು: ಇಂಗ್ಲಿಷಿನಲ್ಲಿ ಹಣ್ಣಿನ ಹೆಸರು ಏನೇನಾಗುತ್ತದೆ

ಹೊಸ ಗಾಡಿ ತಂದರೆ ನಾವು ಮೊದಲು ಮಾಡುವ ಕೆಲಸ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು. ಹಾಗಾಗಿ ಅಮೆರಿಕದವನೊಬ್ಬ ವಿಡಿಯೋದಲ್ಲಿ "ದಿಸ್ ಕಾರ್ ಈಸ್ ಎ ಲೆಮನ್" ಅಂದು, ಮೊಬೈಲು ಅದನ್ನು "ಈ ಕಾರು ಒಂದು ನಿಂಬೆಹಣ್ಣು" ಅಂತ ಕನ್ನಡಕ್ಕೆ ತಿರುಗಿಸಿದರೆ, ನಮಗೆ ಅದು ಗಾಡಿ ಪೂಜೆಯ ಮಾತಿನ ಥರ ಕೇಳಿಸುತ್ತದೆ. ಅವನು ಹೇಳಿದ್ದು ಬೇರೆ. ಇದು ಡಕೋಟ ಗಾಡಿ, ಕೊಂಡವನ ಕಥೆ ಮುಗೀತು ಅಂತ.

ಇಂಥ ಗೊಂದಲ ಮೊದಲೂ ಇತ್ತು, ಈಗ ಜಾಸ್ತಿ ಎದುರಾಗುತ್ತಿದೆ ಅಷ್ಟೇ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಅನುವಾದ ಬರುತ್ತದೆ, ಬಂದಿದ್ದನ್ನು ನಂಬುತ್ತೇವೆ. ದಾವಣಗೆರೆಯ ಮನೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಮೀಟಿಂಗಿನಲ್ಲಿ "ಲೋ ಹ್ಯಾಂಗಿಂಗ್ ಫ್ರೂಟ್", "ಚೆರ್ರಿ ಪಿಕಿಂಗ್" ಅನ್ನುವುದನ್ನು ಕೇಳಿಸಿಕೊಂಡು ಸುಮ್ನೆ ತಲೆ ಆಡಿಸುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕೋಚಿಂಗ್ ಸೆಂಟರುಗಳಲ್ಲಿ ಬ್ಯಾಂಕು, ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಇಂಗ್ಲಿಷ್ ನುಡಿಗಟ್ಟುಗಳ ಉದ್ದನೆಯ ಪಟ್ಟಿ ಉರು ಹೊಡೆಯುತ್ತಾರೆ, ಅದರಲ್ಲಿ ಹಣ್ಣಿನವೇ ಒಂದು ಬುಟ್ಟಿ. ಉರು ಹೊಡೆದಿದ್ದು ಪರೀಕ್ಷೆ ಮುಗಿಯುವ ಹೊತ್ತಿಗೆ ಹಾರಿಹೋಗುತ್ತದೆ. ಯಾಕೆ ಹಾಗನ್ನುತ್ತಾರೆ ಅಂತ ಗೊತ್ತಿದ್ದರೆ ತಲೆಯಲ್ಲಿ ಉಳಿಯುತ್ತದೆ.

ಹಣ್ಣಿನ ಹೆಸರಿಗೆ ಬೇರೆ ಅರ್ಥ ಹೇಗೆ ಬರುತ್ತದೆ?

ಇದು ಇಂಗ್ಲಿಷಿನವರ ಚಾಳಿ ಮಾತ್ರ ಅಲ್ಲ. "ಪುಸ್ತಕದ ಬದನೆಕಾಯಿ" ಅಂದರೆ ನಾವ್ಯಾರೂ ಎಣ್ಣೆಗಾಯಿ ಮಾಡಲು ಹೊರಡುವುದಿಲ್ಲ. ಕಳ್ಳನನ್ನು ಹಿಡಿದು ಹಣ್ಣುಗಾಯಿ ನೀರುಗಾಯಿ ಮಾಡಿದರು ಅಂದರೆ ಅಲ್ಲಿ ಹಣ್ಣೂ ಇಲ್ಲ, ಕಾಯಿಯೂ ಇಲ್ಲ. ವಯಸ್ಸಾದವರು ಹಣ್ಣು ಹಣ್ಣು ಮುದುಕರು. ನಮ್ಮ ಭಾಷೆ ಆದ್ದರಿಂದ ನಮಗೆ ಇವು ವಿಚಿತ್ರ ಅನ್ನಿಸುವುದಿಲ್ಲ.

ಇಂಗ್ಲಿಷಿನಲ್ಲಿ ಇದು ಮೂರು ದಾರಿಯಿಂದ ಆಗುತ್ತದೆ. ಒಂದು, ಹೋಲಿಕೆ. ಹಣ್ಣಿನ ರುಚಿಯನ್ನೋ ಆಕಾರವನ್ನೋ ನೋಡಿ ಆ ಹೆಸರನ್ನು ಇನ್ನೊಂದಕ್ಕೆ ಅಂಟಿಸುವುದು. ಎರಡನೆಯದು, ಹಳೇ ಅರ್ಥದ ಉಳಿಕೆ. ಪದಕ್ಕೆ ನೂರಾರು ವರ್ಷದ ಹಿಂದೆ ಇದ್ದ ಅರ್ಥ ಎಲ್ಲೋ ಒಂದೆರಡು ಕಡೆ ಹಾಗೇ ನಿಂತುಬಿಡುತ್ತದೆ. ಮೂರನೆಯದು ಬರೀ ಕಾಕತಾಳೀಯ. ಎರಡು ಬೇರೆ ಬೇರೆ ಪದಗಳು ಸವೆದು ಸವೆದು ಕೊನೆಗೆ ಒಂದೇ ಸ್ಪೆಲ್ಲಿಂಗಿಗೆ ಬಂದಿರುತ್ತವೆ. ಒಂದೇ ಓಣಿಯಲ್ಲಿ ಇಬ್ಬರು ಮಂಜುನಾಥರು ಇದ್ದ ಹಾಗೆ: ಹೆಸರು ಒಂದೇ, ಸಂಬಂಧ ಏನೂ ಇಲ್ಲ, ಪೋಸ್ಟ್‌ಮನ್‌ಗೆ ಮಾತ್ರ ತಲೆನೋವು. ಜನ ಹೆಚ್ಚು ಎಡವುವುದು ಈ ಮೂರನೆಯದರಲ್ಲೇ.

ಕಂಡಿದ್ದೆಲ್ಲ ಆ್ಯಪಲ್

ಎರಡನೇ ದಾರಿಗೆ ಆ್ಯಪಲ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಸೀತಾಫಲ ಇಂಗ್ಲಿಷಿನಲ್ಲಿ ಕಸ್ಟರ್ಡ್ ಆ್ಯಪಲ್. ಬೇಲದ ಹಣ್ಣು ವುಡ್ ಆ್ಯಪಲ್. ಪನ್ನೇರಳೆ ರೋಸ್ ಆ್ಯಪಲ್. ಟೊಮ್ಯಾಟೋಗೆ ಕೂಡ ಹಿಂದೆ ಲವ್ ಆ್ಯಪಲ್ ಅಂತ ಹೆಸರಿತ್ತು. ಸೇಬಿಗೂ ಬೇಲದ ಹಣ್ಣಿಗೂ ಎಲ್ಲಿಂದೆಲ್ಲಿಗೆ ಹೋಲಿಕೆ? ಒಂದನ್ನು ಹಲ್ಲಿನಿಂದ ಕಚ್ಚಬಹುದು, ಇನ್ನೊಂದನ್ನು ಕಲ್ಲಿಗೆ ಕುಟ್ಟಿ ಒಡೆಯಬೇಕು.

ಹಳೇ ಇಂಗ್ಲಿಷಿನಲ್ಲಿ ಆ್ಯಪಲ್ ಪದ ಸೇಬಿಗಷ್ಟೇ ಅಲ್ಲದೆ ಯಾವ ಹಣ್ಣಿಗೆ ಬೇಕಾದರೂ ನಡೆಯುತ್ತಿತ್ತು, ಹೆಚ್ಚುಕಡಿಮೆ ನಮ್ಮ "ಹಣ್ಣು" ಇದ್ದ ಹಾಗೆ. ಆ ಕಾಲದಲ್ಲಿ ಖರ್ಜೂರವನ್ನು "ಬೆರಳು ಆ್ಯಪಲ್" ಅನ್ನುತ್ತಿದ್ದರು, ಸೌತೆಕಾಯಿಯನ್ನು "ನೆಲದ ಆ್ಯಪಲ್" ಅನ್ನುತ್ತಿದ್ದರು. ಆಮೇಲೆ ಪದ ಸಣ್ಣದಾಗಿ ಸೇಬಿಗೆ ಮಾತ್ರ ನಿಂತಿತು, ಆದರೆ ಹೊಸ ಹಣ್ಣಿಗೆ ಹೆಸರಿಡುವಾಗ "ಇಂಥಾ ಆ್ಯಪಲ್" ಅನ್ನುವ ಹಳೇ ಅಭ್ಯಾಸ ಹೋಗಲಿಲ್ಲ. ಹಾಗಾಗಿ ಆ್ಯಪಲ್‌ನ ಹಿಂದೆ ಇನ್ನೊಂದು ಪದ ಕೂತಿದ್ದರೆ ಅದು ಬಹುಪಾಲು ಸೇಬಲ್ಲ ಅಂತ ಇಟ್ಟುಕೊಳ್ಳಿ. ಇದರಲ್ಲಿ ಒಂದು ಮಾತ್ರ ಎಚ್ಚರಿಕೆಯಿಂದ ನೋಡಬೇಕಾದ್ದು: ಥಾರ್ನ್ ಆ್ಯಪಲ್. ಮೊಬೈಲು ಇದನ್ನು "ಮುಳ್ಳು ಸೇಬು" ಅಂದುಬಿಟ್ಟರೆ ಕಷ್ಟ, ಯಾಕಂದ್ರೆ ಅದು ನಮ್ಮ ರಸ್ತೆ ಬದಿಯ ದತ್ತೂರಿ. ಪಕ್ಕಾ ವಿಷ.

ಪೈನಾಪಲ್ ಕಥೆ ಇನ್ನೂ ಮಜಾ. 14ನೇ ಶತಮಾನದಲ್ಲಿ ಈ ಪದ ಹುಟ್ಟಿದಾಗ ಇಂಗ್ಲೆಂಡಿನವರು ಅನಾನಸ್ಸನ್ನು ಕಣ್ಣಲ್ಲೂ ಕಂಡಿರಲಿಲ್ಲ. ಪೈನ್ ಮರದ ಒಣಗಿದ ಕಾಯಿಗೆ, ಅದೇ ಹುರುಪೆ ಹುರುಪೆಯಾಗಿ ಇರುತ್ತದಲ್ಲ, ಅದಕ್ಕೆ ಪೈನಾಪಲ್ ಅನ್ನುತ್ತಿದ್ದರು. 17ನೇ ಶತಮಾನದಲ್ಲಿ ದಕ್ಷಿಣ ಅಮೆರಿಕ ಕಡೆಯ ಈ ಹಣ್ಣು ಬಂದಾಗ ಮೈಮೇಲಿನ ಹುರುಪೆ ನೋಡಿ ಅದೇ ಹೆಸರು ಇಟ್ಟರು. ಹಣ್ಣು ಹೆಸರನ್ನು ಕಿತ್ತುಕೊಂಡಿತು, ಮರದ ಕಾಯಿಗೆ ಪೈನ್ ಕೋನ್ ಅಂತ ಹೊಸದು ಹುಡುಕಬೇಕಾಯಿತು. ನಾವು ಅನಾನಸ್ ಅಂತಲೇ ಅನ್ನುತ್ತೇವೆ, ಪ್ರಪಂಚದ ಬಹಳಷ್ಟು ಭಾಷೆಗಳೂ ಹಾಗೇ ಅನ್ನುತ್ತವೆ. ಅದು ದಕ್ಷಿಣ ಅಮೆರಿಕದ ತುಪಿ ಜನರ ಮಾತಿನಿಂದ ಬಂದಿದ್ದು.

"ಆ್ಯಪಲ್ ಆಫ್ ಮೈ ಐ" ಅಂದರೆ ಕಣ್ಣಿನ ಸೇಬಲ್ಲ, ಕಣ್ಣಿನ ಪಾಪೆ. ಪಾಪೆ ಗುಂಡಗೆ ಗಟ್ಟಿ ಉಂಡೆ ಇದೆ ಅಂತ ಹಿಂದಿನವರು ತಿಳಿದಿದ್ದರಿಂದ ಆ ಹೆಸರು. ಕಣ್ಣಿನ ಪಾಪೆಯಷ್ಟು ಜೋಪಾನ ಮಾಡುವ ಮಗು ಅಂತ ಅರ್ಥ. ನಮ್ಮ ಕಣ್ಮಣಿ ಇದಕ್ಕೆ ಸರಿಯಾದ ಜೋಡಿ. ಗಂಡಸರ ಕುತ್ತಿಗೆಯಲ್ಲಿ ಮುಂದಕ್ಕೆ ಉಬ್ಬಿರುತ್ತದಲ್ಲ, ಅದು ಆಡಮ್ಸ್ ಆ್ಯಪಲ್. ಆದಾಮ ತಿಂದ ಹಣ್ಣು ಗಂಟಲಲ್ಲಿ ಸಿಕ್ಕಿಕೊಂಡಿತು ಅನ್ನುವ ನಂಬಿಕೆಯ ಮೇಲೆ ಕಟ್ಟಿದ ಹೆಸರು. ಬೈಬಲ್‌ನ ಆದಿಕಾಂಡದಲ್ಲಿ ಅದು ಸೇಬು ಅಂತ ಎಲ್ಲೂ ಇಲ್ಲ, ಬರೀ ಹಣ್ಣು ಅಂತಿದೆ.

ದಾಳಿಂಬೆಯಿಂದ ಗ್ರೆನೇಡ್‌ವರೆಗೆ

ಹಿರಿಯೂರು, ಹೊಸದುರ್ಗದ ಕಡೆಯವರಿಗೆ ದಾಳಿಂಬೆ ಹೇಳಿಕೊಡುವುದು ಬೇಡ. ಮಾರುಕಟ್ಟೆಯಿಂದ ಒಂದು ಭಗ್ವಾ ಹಣ್ಣು ತಂದು ಕೈಯಲ್ಲಿ ಇಟ್ಟುಕೊಳ್ಳಿ. ಮುಷ್ಟಿ ತುಂಬುವ ಗುಂಡು, ಗಾತ್ರಕ್ಕಿಂತ ಜಾಸ್ತಿ ಅನ್ನಿಸುವ ತೂಕ, ತುದಿಯಲ್ಲಿ ಸಣ್ಣ ಕಿರೀಟ. ಸಿಪ್ಪೆಗೆ ಚಾಕುವಿನಿಂದ ಗೀರಿ ಬಿಡಿಸಿದರೆ ಬಿಳಿ ಪೊರೆಯ ಗೂಡುಗಳು, ಒಂದೊಂದು ಗೂಡಿನಲ್ಲೂ ಒತ್ತೊತ್ತಾಗಿ ಕೂತ ಕಾಳು. ಕಾಳು ತುಂಬಿದ ಸೇಬು ಅನ್ನುವ ಲ್ಯಾಟಿನ್ ಮಾತೇ ಇಂಗ್ಲಿಷಿನಲ್ಲಿ ಪಾಮ್‌ಗ್ರನೇಟ್ ಆಯಿತು. ಮತ್ತೆ ಅದೇ ಸೇಬು!

ಫ್ರೆಂಚರು ಮೊದಲ ತುಂಡು ಬಿಟ್ಟು ಹಣ್ಣನ್ನು ಬರೀ ಗ್ರೆನಾದ್ ಅನ್ನತೊಡಗಿದರು. ಸುಮಾರು ಅದೇ ಗಾತ್ರದ ಟೊಳ್ಳು ಕಬ್ಬಿಣದ ಗುಂಡಿನಲ್ಲಿ ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಕೈಯಿಂದ ಎಸೆಯುವ ಆಯುಧ ಬಂದಾಗ ಅದನ್ನೂ ದಾಳಿಂಬೆ ಅಂತಲೇ ಕರೆದರು. ಅಲ್ಲಿಂದ ಇಂಗ್ಲಿಷಿನ ಗ್ರೆನೇಡ್. ಅದನ್ನು ಎಸೆಯಲು ಉದ್ದನೆಯ, ಗಟ್ಟಿಮುಟ್ಟಾದ ಸೈನಿಕರನ್ನು ಆರಿಸುತ್ತಿದ್ದರು, ಅವರು ಗ್ರೆನೇಡಿಯರ್‌ಗಳು. ನಮ್ಮ ಸೇನೆಯಲ್ಲಿ ಇವತ್ತಿಗೂ ಗ್ರೆನೇಡಿಯರ್ಸ್ ರೆಜಿಮೆಂಟ್ ಇದೆ. ಗಂಡಾಂತರದ ಈ ಹೆಸರಿನ ಜೊತೆಗೆ ತಣ್ಣನೆಯದೂ ಒಂದು ಹುಟ್ಟಿತು, ಶರಬತ್ತಿಗೆ ಹಾಕುವ ಕೆಂಪು ಗ್ರೆನಡೀನ್ ಸಿರಪ್. ಇಷ್ಟಾದ ಮೇಲೆ ಅಮೆರಿಕದ ಸೈನಿಕರು ಮೈಮೇಲೆ ಚೌಕ ಚೌಕ ಗೀರುಗಳಿದ್ದ ಗ್ರೆನೇಡ್‌ಗೆ ಇಟ್ಟ ಅಡ್ಡಹೆಸರು ಪೈನಾಪಲ್. ಅಂದರೆ ಪೈನ್ ಕಾಯಿಯ ಹೆಸರು ಹೊತ್ತ ಅನಾನಸ್ಸಿನ ಹೆಸರು, ದಾಳಿಂಬೆಯ ಹೆಸರು ಹೊತ್ತ ಬಾಂಬಿಗೆ.

ಎಲೆ ಅಡಿಕೆಗೆ ಲೈಮ್ ಹಚ್ಚುವುದು

ನಮ್ಮ ಊಟದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಓದಿದರೆ ಒಂದು ಸಾಲು ಸಿಗುತ್ತದೆ: ಊಟ ಆದ ಮೇಲೆ ಎಲೆಗೆ ಸ್ವಲ್ಪ ಲೈಮ್ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಹೊರಗಿನವರು ವೀಳ್ಯದೆಲೆಗೆ ನಿಂಬೆಹಣ್ಣು ಹಿಂಡುತ್ತಾರೇನೋ ಅಂದುಕೊಂಡರೆ ತಪ್ಪಿಲ್ಲ. ಇಲ್ಲಿ ಲೈಮ್ ಅಂದರೆ ಸುಣ್ಣ. ಇದು ಮೂರನೇ ದಾರಿಯ ಪದ. ಹಣ್ಣಿನ ಲೈಮ್ ಅರಬ್ಬಿ ಕಡೆಯಿಂದ ಬಂತು, ಸುಣ್ಣದ ಲೈಮ್ ಇಂಗ್ಲಿಷಿನ ಮನೆಯದೇ ಹಳೇ ಪದ. ಲೈಮ್‌ಸ್ಟೋನ್ ಅಂದರೆ ಸುಣ್ಣದ ಕಲ್ಲು. ಇದು ಸಾಲದು ಅಂತ ಇಂಗ್ಲೆಂಡಿನಲ್ಲಿ ಲೈಮ್ ಟ್ರೀ ಅನ್ನುವ ನೆರಳಿನ ಮರ ಬೇರೆ ಇದೆ, ಅದರಲ್ಲಿ ನಿಂಬೆ ಬಿಡುವುದಿಲ್ಲ.

"ಲೈಮ್‌ಲೈಟ್" ಪದ ನಮ್ಮ ಪತ್ರಿಕೆಗಳಲ್ಲೂ ಧಾರಾಳ, ಯಾರಾದರೂ ಪ್ರಚಾರಕ್ಕೆ ಬಂದರೆ ಲೈಮ್‌ಲೈಟಿಗೆ ಬಂದರು ಅಂತೇವೆ. ಅದು ಸುಣ್ಣದ ಬೆಳಕು. ಸುಟ್ಟ ಸುಣ್ಣದ ತುಂಡಿನ ಮೇಲೆ ಆಕ್ಸಿಜನ್, ಹೈಡ್ರೋಜನ್ ಸೇರಿಸಿದ ಉರಿ ಬಿಟ್ಟರೆ ಸುಣ್ಣ ಕಾದು ಕಣ್ಣು ಕೋರೈಸುವ ಬಿಳಿ ಬೆಳಕು ಕೊಡುತ್ತದೆ. 1820ರ ದಶಕದಲ್ಲಿ ಇದನ್ನು ಕಂಡುಕೊಂಡರು, 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ಬಳಸಿದರು. ಕರೆಂಟಿಲ್ಲದ ಕಾಲ. ಮುಖ್ಯ ಪಾತ್ರಧಾರಿ ಎಲ್ಲಿ ನಿಂತರೆ ಅಲ್ಲಿಗೆ ಆ ಬೆಳಕನ್ನು ತಿರುಗಿಸುತ್ತಿದ್ದರು. ಸಾಣೇಹಳ್ಳಿಯ ನಾಟಕೋತ್ಸವ ನೋಡಿದವರಿಗೆ ಸ್ಟೇಜಿನ ಮೇಲೆ ಒಬ್ಬರ ಮುಖಕ್ಕಷ್ಟೇ ಬೀಳುವ ಬೆಳಕು ಗೊತ್ತು, ಅದರ ಅಜ್ಜನ ಹೆಸರು ಇದು.

ಇನ್ನು ಹಣ್ಣಿನ ಲೈಮ್ ಮತ್ತು ಲೆಮನ್. ನಮ್ಮ ಸಣ್ಣ, ತೆಳು ಸಿಪ್ಪೆಯ ನಿಂಬೆಹಣ್ಣು ನಿಜಕ್ಕೂ ಲೈಮ್. ಲೆಮನ್ ದೊಡ್ಡದು, ಸಿಪ್ಪೆ ದಪ್ಪ, ಎರಡೂ ತುದಿ ಚೂಪು. ಹೋಟೆಲಿನವರು ಜ್ಯೂಸಿಗೆ ಫ್ರೆಶ್ ಲೈಮ್ ಅಂತಲೂ ಚಿತ್ರಾನ್ನಕ್ಕೆ ಲೆಮನ್ ರೈಸ್ ಅಂತಲೂ ಬರೆಯುತ್ತಾರೆ, ಹಣ್ಣು ಒಂದೇ ಬುಟ್ಟಿಯದು. ನಮಗೆ ಇದರಿಂದ ನಷ್ಟವೇನಿಲ್ಲ, ಬ್ರಿಟಿಷ್ ನೌಕಾಪಡೆಗೆ ಆಯಿತು. ತಿಂಗಳುಗಟ್ಟಲೆ ಹಡಗಿನಲ್ಲಿದ್ದವರಿಗೆ ವಸಡಿನಿಂದ ರಕ್ತ ಸುರಿಯುವ ಸ್ಕರ್ವಿ ಬರುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಕಿತ್ತಳೆ, ಲೆಮನ್ ತಿನ್ನಿಸಿದರೆ ರೋಗ ಇಳಿಯುತ್ತದೆ ಅಂತ ತೋರಿಸಿದ. 1795ರಿಂದ ನೌಕಾಪಡೆ ಲೆಮನ್ ರಸ ಕೊಡತೊಡಗಿತು. ಮುಂದಿನ ಶತಮಾನದಲ್ಲಿ ಅದರ ಬದಲು ವೆಸ್ಟ್ ಇಂಡೀಸ್‌ನ ಲೈಮ್ ರಸ ಬಂತು. ಎರಡೂ ಒಂದೇ ಅನ್ನುವ ಭಾವನೆ, ಹೆಸರುಗಳನ್ನೂ ಅದಲು ಬದಲು ಮಾಡಿ ಬಳಸುತ್ತಿದ್ದರು. ಆದರೆ ಆ ಲೈಮ್ ರಸದಲ್ಲಿ ಸಿ ಜೀವಸತ್ವ ತುಂಬ ಕಡಿಮೆ. 1875ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಬ್ರಿಟಿಷ್ ತಂಡ ಲೈಮ್ ರಸ ಇಟ್ಟುಕೊಂಡೇ ಸ್ಕರ್ವಿಗೆ ಸಿಕ್ಕಿತು. ಬ್ರಿಟಿಷರನ್ನು ಛೇಡಿಸುವ "ಲೈಮಿ" ಅನ್ನುವ ಅಡ್ಡಹೆಸರು ಈ ರಸದಿಂದಲೇ ಬಂದಿದ್ದು.

ಲೆಮನ್ ಕಾರು ಮತ್ತು ನೊಬೆಲ್ ಬಹುಮಾನ

ಕೊಂಡ ಮೇಲೆ ಕೈಕೊಡುವ ವಸ್ತುವಿಗೆ ಅಮೆರಿಕದ ಆಡುಮಾತಿನಲ್ಲಿ ಲೆಮನ್ ಅನ್ನುವುದು 20ನೇ ಶತಮಾನದ ಶುರುವಿನಿಂದ ಇದೆ. ನೋಡಲು ಹೊಳೆಯುವ ಹಳದಿ, ಕಚ್ಚಿದರೆ ಮುಖ ಕಿವುಚಬೇಕು. ಕಾರಿಗೆ ಈ ಮಾತು ಎಷ್ಟು ಗಟ್ಟಿಯಾಗಿ ಅಂಟಿತು ಅಂದರೆ, ಹೊಸ ಕಾರು ಪದೇ ಪದೇ ಕೆಟ್ಟರೆ ಬದಲಿ ಕಾರು ಇಲ್ಲವೇ ದುಡ್ಡು ವಾಪಸ್ ಕೊಡಿಸುವ ಕಾನೂನಿಗೂ ಅಲ್ಲಿ ಲೆಮನ್ ಲಾ ಅನ್ನುತ್ತಾರೆ. ಮೊದಲು ತಂದಿದ್ದು ಕನೆಟಿಕಟ್ ರಾಜ್ಯ, 1982ರಲ್ಲಿ.

ಇದನ್ನು ಅರ್ಥಶಾಸ್ತ್ರಕ್ಕೆ ತಂದವರು ಜಾರ್ಜ್ ಅಕರ್ಲಾಫ್. 1970ರಲ್ಲಿ ಅವರು ಕೇಳಿದ ಪ್ರಶ್ನೆ ಸಂತೆಯಲ್ಲಿ ಎತ್ತು ಕೊಳ್ಳುವವರಿಗೂ ಗೊತ್ತಿರುವಂಥದ್ದು. ಹಳೇ ಕಾರಿನ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೇದಿದ್ದರೆ ನಾಲ್ಕು ಲಕ್ಷ ಬಾಳುತ್ತದೆ, ಕೆಟ್ಟದ್ದಿದ್ದರೆ ಎರಡು ಲಕ್ಷ ಅಂತ ಇಟ್ಟುಕೊಳ್ಳಿ. ಯಾವುದು ಅಂತ ಗೊತ್ತಾಗದ ಗಿರಾಕಿ ಮಧ್ಯದ ಬೆಲೆ, ಮೂರು ಲಕ್ಷ ಕೇಳುತ್ತಾನೆ. ಒಳ್ಳೆ ಕಾರಿನವನು "ಈ ರೇಟಿಗೆ ಯಾಕೆ ಕೊಡಲಿ" ಅಂತ ಮಾರುಕಟ್ಟೆಗೇ ಬರುವುದಿಲ್ಲ. ಕೆಟ್ಟ ಕಾರಿನವನು ಖುಷಿಯಾಗಿ ಕೊಡುತ್ತಾನೆ. ಬರಬರುತ್ತಾ ಮಾರಾಟಕ್ಕೆ ನಿಂತಿರುವುದೆಲ್ಲ ಲೆಮನ್ನೇ ಆಗುತ್ತದೆ, ಅದು ಗೊತ್ತಾದ ಗಿರಾಕಿ ಇನ್ನೂ ಕಡಿಮೆ ಕೇಳುತ್ತಾನೆ. ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋಗುವುದು, ಗ್ಯಾರಂಟಿ ಕೇಳುವುದು, ಸರ್ವಿಸ್ ಪುಸ್ತಕ ನೋಡುವುದು, ಎಲ್ಲ ಈ ಗಂಟು ಬಿಡಿಸುವುದಕ್ಕೇ. ಮಾರುವವನಿಗೂ ಕೊಳ್ಳುವವನಿಗೂ ಗೊತ್ತಿರುವುದರಲ್ಲಿ ಇರುವ ಇಂಥ ಅಂತರದ ಬಗ್ಗೆ ಮಾಡಿದ ಕೆಲಸಕ್ಕೆ 2001ರ ಅರ್ಥಶಾಸ್ತ್ರದ ನೊಬೆಲ್ ಬಂತು, ಅಕರ್ಲಾಫ್ ಜೊತೆ ಇನ್ನಿಬ್ಬರಿಗೆ. ಪಾಠ ಮಾಡುವವರು ಒಳ್ಳೆ ಕಾರಿಗೆ ಪೀಚ್ ಅನ್ನುತ್ತಾರೆ. ಪಾಪ, ಲೆಮನ್‌ಗೆ ನ್ಯಾಯ ಸಿಗಲಿಲ್ಲ.

ಆಫೀಸಿನ ಹಣ್ಣುಗಳು

"ಲೋ ಹ್ಯಾಂಗಿಂಗ್ ಫ್ರೂಟ್" ಅಂದರೆ ಕೈಗೆಟುಕುವ ಕೊಂಬೆಯ ಹಣ್ಣು. ಏಣಿ, ದೋಟಿ ಬೇಡ. ಮೊದಲು ಸುಲಭಕ್ಕೆ ಆಗುವ ಕೆಲಸ ಮುಗಿಸಿಬಿಡೋಣ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. "ಚೆರ್ರಿ ಪಿಕಿಂಗ್" ಹೊಗಳಿಕೆ ಅಲ್ಲ, ಬಹಳ ಜನ ಹೊಗಳಿಕೆ ಅಂದುಕೊಳ್ಳುತ್ತಾರೆ. ಹತ್ತು ಅಂಕಿಗಳಲ್ಲಿ ತನಗೆ ಅನುಕೂಲವಾದ ಎರಡನ್ನು ಮಾತ್ರ ಹೆಕ್ಕಿ ತೋರಿಸಿ ಉಳಿದದ್ದನ್ನು ಮುಚ್ಚಿಡುವುದು ಅದು. ಬೀದಿ ದೀಪ ರಿಪೇರಿಗೆ ಬರುವ, ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲಕ್ಕೆತ್ತುವ ಗಾಡಿಗೂ ಚೆರ್ರಿ ಪಿಕರ್ ಅಂತಲೇ ಹೆಸರು, ಅದರಲ್ಲಿ ಮೋಸ ಏನಿಲ್ಲ.

"ಆ್ಯಪಲ್ಸ್ ಅಂಡ್ ಆರೆಂಜಸ್" ಅಂದರೆ ಎತ್ತಣ ಮಾಮರ ಎತ್ತಣ ಕೋಗಿಲೆ ಅಂತ ಕೆಲವರು ಅರ್ಥ ಹೇಳುತ್ತಾರೆ, ಅದು ಸರಿಹೋಗುವುದಿಲ್ಲ. ಹೋಲಿಸಬಾರದ ಎರಡನ್ನು ಹೋಲಿಸಬೇಡಿ ಅಂತ ಅಷ್ಟೇ ಇದರ ಮಾತು. "ಸೋರ್ ಗ್ರೇಪ್ಸ್" ಬಗ್ಗೆ ಹೇಳುವುದೇ ಬೇಡ, ನರಿ ಮತ್ತು ಹುಳಿ ದ್ರಾಕ್ಷಿ ನಮ್ಮ ಶಾಲೆಯಲ್ಲೂ ಇತ್ತು. "ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್" ಅಂದರೆ ಗಾಳಿಸುದ್ದಿ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1860ರ ದಶಕದಲ್ಲಿ, ನೆಟ್ಟಗಿರುವ ಟೆಲಿಗ್ರಾಫ್ ತಂತಿಗೆ ಬದಲು ಬಳ್ಳಿಯ ಹಾಗೆ ಸುತ್ತಿ ಬಳಸಿ ಬರುವ ಸುದ್ದಿಗೆ ಗ್ರೇಪ್‌ವೈನ್ ಟೆಲಿಗ್ರಾಫ್ ಅನ್ನುತ್ತಿದ್ದರು.

"ಬ್ಯಾಡ್ ಆ್ಯಪಲ್" ಮಾತು ಮಾತ್ರ ಉಲ್ಟಾ ಆಗಿದೆ. ಮೂಲ ಗಾದೆ ಹೇಳುವುದು, ಒಂದು ಕೊಳೆತ ಸೇಬು ಇಡೀ ಪೀಪಾಯಿಯನ್ನೇ ಕೆಡಿಸುತ್ತದೆ ಅಂತ. ಇದು ವಿಜ್ಞಾನಕ್ಕೂ ಸರಿ: ಮಾಗಿದ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ಪಕ್ಕದ ಹಣ್ಣುಗಳನ್ನೂ ಬೇಗ ಮಾಗಿಸುತ್ತದೆ. ಮಾವಿನಕಾಯಿ ಹಣ್ಣು ಮಾಡಲು ಹುಲ್ಲಿನಲ್ಲಿ ಮುಚ್ಚಿಡುವವರು ಇದನ್ನು ಹೆಸರು ಗೊತ್ತಿಲ್ಲದೇ ಬಳಸುತ್ತಾ ಬಂದಿದ್ದಾರೆ. ಈಗ ಯಾವುದಾದರೂ ಇಲಾಖೆಯಲ್ಲಿ ಹಗರಣ ಆದರೆ "ಅಲ್ಲೊಬ್ಬ ಇಲ್ಲೊಬ್ಬ ಬ್ಯಾಡ್ ಆ್ಯಪಲ್, ಉಳಿದವರೆಲ್ಲ ಒಳ್ಳೆಯವರೇ" ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಗಾದೆ ಹೇಳಿದ್ದಕ್ಕೆ ಪೂರ್ತಿ ವಿರುದ್ಧ ಅಲ್ವಾ?

ವರ್ಗಾವಣೆ ಸೀಸನ್ನಿನಲ್ಲಿ ಇಂಗ್ಲಿಷ್ ಪತ್ರಿಕೆಗಳು "ಪ್ಲಮ್ ಪೋಸ್ಟಿಂಗ್" ಅಂತ ಬರೆಯುತ್ತವೆ. ಎಲ್ಲರೂ ಬಾಯಿ ಬಿಡುವ ಆಯಕಟ್ಟಿನ ಹುದ್ದೆ. 18ನೇ ಶತಮಾನದ ಇಂಗ್ಲೆಂಡಿನ ಆಡುಮಾತಿನಲ್ಲಿ ಒಂದು ಲಕ್ಷ ಪೌಂಡಿಗೆ ಪ್ಲಮ್ ಅನ್ನುತ್ತಿದ್ದರು, ಆಗ ಅದು ದೊಡ್ಡ ಆಸ್ತಿ. ಇನ್ನೊಂದು ವಿಷಯ, ಕ್ರಿಸ್‌ಮಸ್‌ನ ಪ್ಲಮ್ ಪುಡಿಂಗಿನಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ, ಇರುವುದು ಒಣದ್ರಾಕ್ಷಿ. ಹಿಂದೆ ಅಡುಗೆಯಲ್ಲಿ ಒಣದ್ರಾಕ್ಷಿಗೂ ಪ್ಲಮ್ ಅನ್ನುತ್ತಿದ್ದರು. ಜೆ.ಜೆ. ಥಾಮ್ಸನ್ 1904ರಲ್ಲಿ ಕೊಟ್ಟ ಪರಮಾಣು ಚಿತ್ರಕ್ಕೆ ಪ್ಲಮ್ ಪುಡಿಂಗ್ ಮಾದರಿ ಅಂತ ಹೆಸರು ಬಿದ್ದಿದ್ದು ಇದೇ ಸಿಹಿಯಿಂದ, ಎಲೆಕ್ಟ್ರಾನುಗಳು ಅಲ್ಲಲ್ಲಿ ಸಿಕ್ಕಿಕೊಂಡ ದ್ರಾಕ್ಷಿ. ಪುಡಿಂಗ್ ಕಂಡಿರದ ನಮ್ಮ ಮಕ್ಕಳಿಗೆ ಒಂಬತ್ತನೇ ತರಗತಿ ಪಾಠದಲ್ಲಿ ಕಲ್ಲಂಗಡಿಯ ಹೋಲಿಕೆಯನ್ನೂ ಕೊಡುತ್ತಾರೆ, ಒಳ್ಳೇದೇ ಆಯಿತು. ಸಿವಿಲ್ ಎಂಜಿನಿಯರುಗಳ ಪ್ಲಮ್ ಕಾಂಕ್ರೀಟ್ ಕೂಡ ಇದರ ತಮ್ಮ, ಕಾಂಕ್ರೀಟಿನ ನಡುವೆ ಅಲ್ಲಲ್ಲಿ ದಪ್ಪ ಕಲ್ಲು ಇಟ್ಟು ಹಾಕುವುದು. ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಕದ ಗುಂಡಿನ ಪ್ಲಂಬ್ ಮಾತ್ರ ಬೇರೆ, ಅದು ಸೀಸಕ್ಕೆ ಲ್ಯಾಟಿನ್ ಹೆಸರಿನಿಂದ ಬಂತು.

ನಮ್ಮ ಕಡೆಯಿಂದ ಹೋದವು

ಮ್ಯಾಂಗೋ ದಕ್ಷಿಣ ಭಾರತದ ಪದ. ತಮಿಳಿನ ಮಾಂಗಾಯ್, ಮಲಯಾಳದ ಮಾಙ್ಙ ಪೋರ್ಚುಗೀಸರ ಬಾಯಿಯಲ್ಲಿ ಮಾಂಗಾ ಆಗಿ ಇಂಗ್ಲಿಷಿಗೆ ಹೋಯಿತು. ಜಾಕ್‌ಫ್ರೂಟ್‌ನ ಜಾಕ್ ಯಾವ ಮನುಷ್ಯನೂ ಅಲ್ಲ, ಮಲಯಾಳದ ಚಕ್ಕ. ಚನ್ನಗಿರಿ, ಭೀಮಸಮುದ್ರದವರ ಅಡಿಕೆಗೆ ಇಂಗ್ಲಿಷಿನಲ್ಲಿರುವ ಅರೆಕಾ ಅನ್ನುವ ಹೆಸರು ಮಲಯಾಳದ ಅಡಯ್ಕ ಎಂಬ ಪದದ್ದು, ಅದು ನಮ್ಮ ಅಡಿಕೆಯ ಅಕ್ಕತಂಗಿ. ಬೀಟಲ್ ನಟ್ ಅಂತಲೂ ಬರೆಯುತ್ತಾರೆ, ಅದು ತಪ್ಪು ಜೋಡಿ. ಬೀಟಲ್ ಅಂದರೆ ಎಲೆ. ಜೊತೆಯಲ್ಲಿ ತಿನ್ನುತ್ತಾರೆ ಅಂತ ಎಲೆಯ ಹೆಸರನ್ನು ಅಡಿಕೆಗೆ ಕಟ್ಟಿಬಿಟ್ಟಿದ್ದಾರೆ.

ಮಾವಿಗೆ ಅಲ್ಲಿ ಆದ ಗತಿ ಕೇಳಿ. ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗಬೇಕಾದ್ದರಿಂದ ಹಣ್ಣು ಉಳಿಯುತ್ತಿರಲಿಲ್ಲ, ಇಂಗ್ಲೆಂಡ್ ಮುಟ್ಟಿದ್ದು ಉಪ್ಪಿನಕಾಯಿ. ಅಲ್ಲಿನವರಿಗೆ ಮ್ಯಾಂಗೋ ಅಂದರೇ ಉಪ್ಪಿನಕಾಯಿ ಅನ್ನಿಸಿತು. ಹಾಗಾಗಿ ಸೌತೆಕಾಯಿ, ಕರ್ಬೂಜ, ಪೀಚ್ ಯಾವುದನ್ನು ಮಸಾಲೆ ತುಂಬಿ ಉಪ್ಪಿನಕಾಯಿ ಹಾಕಿದರೂ ಮ್ಯಾಂಗೋ ಮಾಡುವುದು ಅನ್ನತೊಡಗಿದರು. ಅಮೆರಿಕದಲ್ಲಿ ಹೀಗೆ ತುಂಬುತ್ತಿದ್ದುದು ದಪ್ಪ ಮೆಣಸಿನಕಾಯಿಯನ್ನು. ಕೊನೆಗೆ ಹೆಸರು ಅದಕ್ಕೇ ಅಂಟಿತು. ಒಹಾಯೊ, ಇಂಡಿಯಾನ ಕಡೆಯ ಹಳೇ ತಲೆಗಳು ಕ್ಯಾಪ್ಸಿಕಂಗೆ ಮ್ಯಾಂಗೋ ಅನ್ನುವುದುಂಟು. ಅಲ್ಲಿಯ ಹಳೇ ಅಡುಗೆ ಪುಸ್ತಕದಲ್ಲಿ ಸ್ಟಫ್ಡ್ ಮ್ಯಾಂಗೋ ಅಂತ ಕಂಡರೆ ದಾವಣಗೆರೆಯ ಮಿರ್ಚಿ ನೆನೆಸಿಕೊಳ್ಳಿ, ಬಾದಾಮಿ ಮಾವನ್ನಲ್ಲ.

ಆರೆಂಜ್‌ನ ಮೂಲ ಸಂಸ್ಕೃತದ ನಾರಂಗ, ಅದಕ್ಕೂ ಹಿಂದೆ ದ್ರಾವಿಡ ಭಾಷೆಯ ಪದ ಇರಬೇಕು ಅನ್ನುತ್ತಾರೆ. ಪರ್ಷಿಯನ್, ಅರಬ್ಬಿ ದಾಟಿ ಯೂರೋಪಿಗೆ ಹೋದಾಗ ಮುಂದಿನ ನ ಅಕ್ಷರ ಉದುರಿತು. ಹಣ್ಣು ಬರುವ ಮೊದಲು ಇಂಗ್ಲಿಷಿನಲ್ಲಿ ಆ ಬಣ್ಣಕ್ಕೆ ಬೇರೆ ಹೆಸರೇ ಇರಲಿಲ್ಲ, ಹಳದಿಗೆಂಪು ಅನ್ನುತ್ತಿದ್ದರು. ಎದೆ ಕಿತ್ತಳೆ ಬಣ್ಣ ಇರುವ ರಾಬಿನ್ ಹಕ್ಕಿಯನ್ನು ಇವತ್ತಿಗೂ ಕೆಂಪೆದೆಯ ರಾಬಿನ್ ಅನ್ನುವುದು ಅದಕ್ಕೇ. ಹಣ್ಣು ಮೊದಲು, ಬಣ್ಣದ ಹೆಸರು ಆಮೇಲೆ, 16ನೇ ಶತಮಾನದಲ್ಲಿ. ನೆದರ್‌ಲ್ಯಾಂಡ್ಸ್‌ನ ರಾಜಮನೆತನದ ಆರೆಂಜ್ ಮಾತ್ರ ಫ್ರಾನ್ಸಿನ ಒಂದು ಊರಿನದು. ಆ ಊರಿಗೆ ರೋಮನ್ನರ ಕಾಲದಲ್ಲಿ ಅರೌಸಿಯೊ ಅಂತ ಹೆಸರಿತ್ತು, ಹಣ್ಣಿಗೂ ಅದಕ್ಕೂ ನಂಟಿಲ್ಲ. ಉಚ್ಚಾರ ಒಂದೇ ಆದದ್ದರಿಂದ ಅವರ ಫುಟ್ಬಾಲ್ ತಂಡ ಕಿತ್ತಳೆ ಅಂಗಿ ಹಾಕುತ್ತದೆ.

ಡೇಟ್ ಕೂಡ ಇಬ್ಬರು ಮಂಜುನಾಥರ ಕೇಸೇ. ಖರ್ಜೂರದ ಡೇಟ್ ಗ್ರೀಕಿನಲ್ಲಿ ಬೆರಳು ಅನ್ನುವ ಪದದಿಂದ ಬಂತು. ತಾರೀಖಿನ ಡೇಟ್ ಲ್ಯಾಟಿನ್ನಿನದು: ರೋಮನ್ನರು ಪತ್ರದಲ್ಲಿ "ಇಂಥ ಊರಿನಲ್ಲಿ, ಇಂಥ ದಿನ ಕೊಟ್ಟಿದ್ದು" ಅಂತ ಬರೆಯುತ್ತಿದ್ದರು, ಆ "ಕೊಟ್ಟಿದ್ದು" ಉಳಿದುಕೊಂಡಿತು. ಹುಡುಗ ಹುಡುಗಿ ಹೋಗುವ ಡೇಟ್ ಈ ತಾರೀಖಿನಿಂದಲೇ ಹುಟ್ಟಿದ್ದು. ನಮ್ಮ ಹುಣಸೆಯನ್ನು ಅರಬರು ತಮರ್ ಹಿಂದಿ, ಹಿಂದೂಸ್ತಾನದ ಖರ್ಜೂರ ಅಂದರು, ಅದು ಟ್ಯಾಮರಿಂಡ್ ಆಯಿತು. ಎರಡೂ ಕಂದು, ಎರಡೂ ಅಂಟು. ರುಚಿ ನೋಡಿ ಇಟ್ಟ ಹೆಸರಂತೂ ಅಲ್ಲ.

ಬಾಳೆ, ಕಿವಿ, ಕಂಪ್ಯೂಟರು

ಟಿವಿ ಚರ್ಚೆಯಲ್ಲಿ "ಇಂಡಿಯಾ ಈಸ್ ನಾಟ್ ಎ ಬನಾನಾ ರಿಪಬ್ಲಿಕ್" ಅಂತ ಕೂಗುವುದನ್ನು ಕೇಳಿರುತ್ತೀರಿ. ಪ್ರಪಂಚದಲ್ಲಿ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದೇ, ಆದರೂ ಆ ಮಾತು ತಪ್ಪಲ್ಲ. ಅಮೆರಿಕದ ಲೇಖಕ ಓ. ಹೆನ್ರಿ ಹೊಂಡುರಾಸ್‌ನಲ್ಲಿ ಇದ್ದು ಬಂದವನು. 1904ರಲ್ಲಿ ಒಂದು ಕಲ್ಪನೆಯ ದೇಶಕ್ಕೆ ಈ ಹೆಸರು ಕೊಟ್ಟ. ಆಗ ಮಧ್ಯ ಅಮೆರಿಕದ ಸಣ್ಣ ದೇಶಗಳಲ್ಲಿ ಬಾಳೆ ಕೊಳ್ಳುವ ವಿದೇಶಿ ಕಂಪನಿಗಳೇ ಜಮೀನು, ರೈಲು, ಬಂದರು ಎಲ್ಲ ಹಿಡಿದುಕೊಂಡು ಸರ್ಕಾರವನ್ನು ಕುಣಿಸುತ್ತಿದ್ದವು. ಹಾಗೆ ಹೇಳಕೇಳುವವರಿಲ್ಲದ ದೇಶ ಅಂತ ಅರ್ಥ. "ಗೋ ಬನಾನಾಸ್" ಅಂದರೆ ತಲೆಕೆಟ್ಟು ಕುಣಿಯುವುದು, "ಟಾಪ್ ಬನಾನಾ" ಅಂದರೆ ಗುಂಪಿನ ಮುಖ್ಯಸ್ಥ.

ಕಿವಿ ಹಣ್ಣಿನ ಮೊದಲ ಇಂಗ್ಲಿಷ್ ಹೆಸರು ಚೈನೀಸ್ ಗೂಸ್‌ಬೆರಿ. 1959ರಲ್ಲಿ ನ್ಯೂಜಿಲೆಂಡಿನ ರಫ್ತುದಾರರು ಅಮೆರಿಕದಲ್ಲಿ ಮಾರಲು ತಮ್ಮ ದೇಶದ ಹಕ್ಕಿಯ ಹೆಸರನ್ನು ಇದಕ್ಕೆ ಇಟ್ಟರು. ಆ ದೇಶದವರನ್ನೂ ಕಿವಿ ಅನ್ನುತ್ತಾರೆ. ಕ್ರಿಕೆಟ್ ಸುದ್ದಿಯಲ್ಲಿ "ಕಿವೀಸ್ ಸೋತರು" ಅಂತ ಬಂದರೆ ಹಣ್ಣು ಸೋತಿಲ್ಲ. ಶೂ ಪಾಲಿಶ್ ಡಬ್ಬಿ ಮೇಲಿರುವುದು ಹಕ್ಕಿ. ಗೂಸ್‌ಬೆರಿ ಅಂದೆನಲ್ಲ, ಬ್ರಿಟಿಷರು "ಪ್ಲೇಯಿಂಗ್ ಗೂಸ್‌ಬೆರಿ" ಅನ್ನುವುದು ಪ್ರೇಮಿಗಳಿಬ್ಬರ ನಡುವೆ ಬಂದು ಕೂರುವ ಮೂರನೆಯವರಿಗೆ. ಶಿವಪೂಜೆಯಲ್ಲಿ ಕರಡಿ! ಇಂಡಿಯನ್ ಗೂಸ್‌ಬೆರಿ ಅಂತ ಕರೆಸಿಕೊಳ್ಳುವ ನಮ್ಮ ಬೆಟ್ಟದ ನೆಲ್ಲಿಕಾಯಿಗೂ ಅವರ ಗೂಸ್‌ಬೆರಿಗೂ ಗಿಡದ ನಂಟೇನೂ ಇಲ್ಲ.

ಕಂಪ್ಯೂಟರಿನವರಿಗೆ ಹಣ್ಣಿನ ಗೀಳು ಹಿಡಿದಿದ್ದು ಆ್ಯಪಲ್ ಕಂಪನಿಯಿಂದ, 1976. ಅವರ ಮ್ಯಾಕಿಂಟಾಶ್ ಕೂಡ ಒಂದು ಸೇಬಿನ ತಳಿಯ ಹೆಸರು, ಸ್ಪೆಲ್ಲಿಂಗ್ ಸ್ವಲ್ಪ ಬೇರೆ. 1999ರ ಬ್ಲ್ಯಾಕ್‌ಬೆರಿಗೆ ಆ ಹೆಸರು ಬಂದಿದ್ದು ಸಣ್ಣ ಸಣ್ಣ ಗುಂಡಿಗಳು ಬೆರಿಯ ಮಣಿಗಳಂತೆ ಕಾಣುತ್ತಿದ್ದರಿಂದ. ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ತರುವ ರಾಸ್‌ಬೆರಿ ಪೈ, 2012ರದ್ದು, ಇದೇ ಸಾಲಿನಲ್ಲಿ ಕೂತಿತು. ಅಂದಹಾಗೆ "ಬ್ಲೋ ಎ ರಾಸ್‌ಬೆರಿ" ಅಂದರೆ ನಾಲಗೆ ಹೊರಗೆ ಹಾಕಿ ಪುರ್ರ್ ಅಂತ ಸದ್ದು ಮಾಡಿ ಅಣಕಿಸುವುದು. ಲಂಡನ್ನಿನ ಓಣಿಯವರಿಗೆ ಒಂದು ಪದದ ಬದಲು ಪ್ರಾಸ ಬರುವ ಇನ್ನೊಂದು ಮಾತು ಹೇಳುವ ಆಟ. ರಾಸ್‌ಬೆರಿ ಟಾರ್ಟ್ ಅನ್ನುವುದಕ್ಕೆ ಪ್ರಾಸ ಬರುವ ಆ ಪದ ಹೂಸಿಗೆ ಸಂಬಂಧಿಸಿದ್ದು. ಉಳಿದದ್ದು ನೀವೇ ಊಹಿಸಿ.

ಓದುವಾಗ ಗುರುತಿಸುವುದು ಹೇಗೆ?

ಹಣ್ಣಿನ ಹೆಸರನ್ನು ಒಂಟಿಯಾಗಿ ಓದಬೇಡಿ, ಅಕ್ಕಪಕ್ಕ ನೋಡಿ. ತಿನ್ನುವ, ಬೆಳೆಯುವ, ಮಾರುವ ಮಾತು ಸುತ್ತ ಇಲ್ಲದೆ ಹಣ್ಣು ಒಂದೇ ಬಂದಿದ್ದರೆ ಅನುಮಾನ ಪಡಿ. ಕಾರು, ಫ್ರಿಜ್ಜು, ಮೊಬೈಲಿನ ಪಕ್ಕ "ಎ ಲೆಮನ್" ಅಂದರೆ ದೂರು. ವಾಕ್ಯದ ನಡುವೆ ದೊಡ್ಡಕ್ಷರದಲ್ಲಿ ಶುರುವಾಗಿದ್ದರೆ ಅದು ಕಂಪನಿ, ಊರು, ಇಲ್ಲವೇ ಒಂದು ದೇಶದ ಜನ. ಲೈಮ್ ಕಂಡಲ್ಲಿ ಗೋಡೆ, ಕಲ್ಲು, ಎಲೆ ಅಡಿಕೆ ಇದೆಯಾ ನೋಡಿ, ಇದ್ದರೆ ಸುಣ್ಣ. ಮೊಬೈಲಿನಲ್ಲಿ ಅನುವಾದ ಮಾಡುವಾಗ ಆ ಒಂದು ಪದ ಹಾಕುವ ಬದಲು ಹಿಂದಿನ ಮುಂದಿನ ವಾಕ್ಯ ಸೇರಿಸಿ ಹಾಕಿದರೆ ಸರಿಯಾದ ಅರ್ಥ ಬರುವ ಸಂಭವ ಜಾಸ್ತಿ. "ಈ ಮಾತಿನ ಅರ್ಥ ಏನು" ಅಂತ ಕೇಳಿದರೆ ಇನ್ನೂ ಒಳ್ಳೇದು.

ಮಕ್ಕಳ ವಿಜ್ಞಾನ ಪುಸ್ತಕದಲ್ಲಿ "ಫಿಗ್. 3 ನೋಡಿ" ಅಂತಿದ್ದರೆ ಅಂಜೂರ ಹುಡುಕಬೇಡಿ. ಪಕ್ಕದಲ್ಲೊಂದು ಚುಕ್ಕಿ ಇದೆಯಲ್ಲ, ಅದು ಫಿಗರ್ ಅನ್ನುವುದನ್ನು ಚಿಕ್ಕದು ಮಾಡಿದ್ದು. ಚುಕ್ಕಿ ಇಲ್ಲದೆ "ಐ ಡೋಂಟ್ ಕೇರ್ ಎ ಫಿಗ್" ಅಂತ ಬಂದರೆ ಅದು ನಿಜವಾದ ಅಂಜೂರವೇ, ನಾನು ಅದಕ್ಕೆ ಕವಡೆ ಕಿಮ್ಮತ್ತೂ ಕೊಡುವುದಿಲ್ಲ ಅಂತ.